ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತಿದ್ದ ಬ್ಯಾಟರಿ

ಹರಿಯುವ ನೀರಿನ ದಡದಲ್ಲಿಯೇ ನಾಗರಿಕತೆಗಳೆಲ್ಲ ಹುಟ್ಟಿದವು, ನೀರು ನಿಂತಲ್ಲಿ ಅವು ಅಳಿದವು ಎಂದು ಬಲ್ಲವರು ಹೇಳುತ್ತಾರೆ. ಇಷ್ಟು ದೊಡ್ಡ ಮಾತನ್ನು ಕಣ್ಣಾರೆ ಪರೀಕ್ಷಿಸುವ ಯೋಗ ನನಗೆ ಒದಗಿದ್ದು ನಿಪ್ಪಾಣಿ ತಾಲೂಕಿನ ಭೋಜದಲ್ಲಿ, ಒಂದು ಮನೆಯ ಹಿತ್ತಲಿನಲ್ಲಿ, ಎಂಬತ್ತು ವ್ಯಾಟಿನ ಪಂಪೊಂದರ ಮುಂದೆ ಕುಕ್ಕರಗಾಲಲ್ಲಿ ಕುಳಿತಾಗ. ನೀರು ನಿಂತಿತ್ತು. ನಾಗರಿಕತೆಗೆ ಏನೂ ಆಗಿರಲಿಲ್ಲ. ಎರಡು ಕೋಯಿ ಮೀನು ಮಾತ್ರ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ನಾನು ಚಿಕ್ಕೋಡಿಯವನು. ಸೋಲಾರ್ ಫಲಕ, ಬ್ಯಾಟರಿ, ಇನ್ವರ್ಟರ್ ಕೂರಿಸುವುದು ನನ್ನ ಕೆಲಸ. ಕರೆಂಟು ಹೋದಾಗ ಜನ ನೆನೆಯುವ, ಬಂದ ಮರುಗಳಿಗೆಯೇ ಮರೆಯುವ ವರ್ಗಕ್ಕೆ ಸೇರಿದವನು. ಭೋಜದ ಯಜಮಾನರು ನನ್ನನ್ನು ಕರೆಸಿದ್ದು ಬೇಸಿಗೆಯ ಕೊನೆಗೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಹೊಲದಲ್ಲಿ ಕಬ್ಬು, ಊರೊಳಗೆ ಬೀಜ-ಗೊಬ್ಬರದ ಅಂಗಡಿ. ಹಿರಿಯರ ಕಾಲದ ತಂಬಾಕಿನ ವ್ಯಾಪಾರ ಎಂದೋ ನಿಂತುಹೋಗಿ, ಸರಕು ತುಂಬಿಡುತ್ತಿದ್ದ ಹಿತ್ತಲಿನ ವಖಾರಿ ಖಾಲಿ ಬಿದ್ದಿತ್ತು. ವಖಾರಿಯ ಮುಂದೆ ತಂಬಾಕು ಒಣಗಿಸುತ್ತಿದ್ದ ಅಂಗಳ. ಅಂಗಳದ ಒಂದು ಬದಿಗೆ, ಅರ್ಧ ನೆಲದೊಳಗೆ ಇಳಿದ, ಎದೆಮಟ್ಟ ಆಳದ ಹಳೆಯ ಕಲ್ಲಿನ ತೊಟ್ಟಿ.

ಯಜಮಾನರು ಮೊಬೈಲಿನಲ್ಲಿ ಅಕ್ವಾಪೋನಿಕ್ಸ್ ಎಂಬುದನ್ನು ನೋಡಿ ಮರುಳಾಗಿದ್ದರು. ವಿಷಯ ಸರಳ. ತೊಟ್ಟಿಯಲ್ಲಿ ಮೀನು ಸಾಕಬೇಕು. ಮೀನಿನ ಹೊಲಸು ಬೆರೆತ ನೀರನ್ನು ಜಲ್ಲಿ ತುಂಬಿದ ಮಡಿಗಳಿಗೆ ಹರಿಸಬೇಕು. ಅಲ್ಲಿ ಮಣ್ಣಿಲ್ಲದೆ ತರಕಾರಿ ಬೆಳೆಯುತ್ತದೆ. ಬೇರುಗಳಲ್ಲಿ ಸೋಸಿಹೋದ ನೀರು ಮತ್ತೆ ಮೀನಿಗೆ ಬರುತ್ತದೆ. ನೀರು ಸುತ್ತುತ್ತಿರುವವರೆಗೆ ಇಬ್ಬರಿಗೂ ಕ್ಷೇಮ. ನಿಂತರೆ ಗಿಡ ಒಂದು ದಿನ ತಡೆದೀತು, ಮೀನು ಕೆಲವು ತಾಸೂ ತಡೆಯದು. ಆದ್ದರಿಂದಲೇ ನನಗೆ ಕರೆ.

ತೊಡಕು ಇದ್ದದ್ದು ಬೇರೆ ಕಡೆ. ಅವರದು ಜೈನ ಮನೆತನ. ಈರುಳ್ಳಿಯೂ ಒಳಗೆ ಬಾರದ ಮನೆಗೆ ಮೀನು ಬರುವುದೆಂದರೆ ಊರು ಸುಮ್ಮನಿರುತ್ತದೆಯೇ? "ಏನ್ರೀ ಅಣ್ಣಾ, ಮಸಾಲಿ ರುಬ್ಬಾಕ ಯಾವಾಗಿಂದ ಸುರು?" ಎಂದು ಅಂಗಡಿಗೆ ಗೊಬ್ಬರಕ್ಕೆ ಬಂದವರೂ ಕೇಳುತ್ತಿದ್ದರು. ಇವು ತಿನ್ನುವ ಮೀನಲ್ಲ, ನೋಡುವ ಮೀನು ಎಂದು ಯಜಮಾನರು ಪ್ರತಿಯೊಬ್ಬರಿಗೂ ಪ್ರವಚನ ಕೊಡಬೇಕಾಗಿತ್ತು. ಕೊಲ್ಹಾಪುರದಿಂದ ಬಣ್ಣದ ಕೋಯಿ ಮೀನು ತಂದರು. ಪೇಟೆಯಲ್ಲಿ ಸಿಗುವ ಮೀನಿನ ಆಹಾರದಲ್ಲಿ ಮೀನಿನದೇ ಪುಡಿ ಇರುತ್ತದೆಂದು ತಿಳಿದು ಅದನ್ನು ಹಿಂದಕ್ಕೆ ಕಳಿಸಿ, ಸೋಯಾ ಮತ್ತು ಶೇಂಗಾ ಹಿಂಡಿಯ ಉಂಡೆ ಮಾಡಿಸಿದರು. ಜೈನರ ಮನೆಗೆ ಬಂದ ಮೀನುಗಳೂ ಹೀಗೆ ಜೈನರಾದವು.

ಕೊನೆಯ ಒಪ್ಪಿಗೆ ಅವರ ತಾಯಿಯದು. ಊರೆಲ್ಲ ಅವರನ್ನು ಆಯಿ ಎಂದೇ ಕರೆಯುವುದು. ಎಂಬತ್ತು ದಾಟಿದ, ಬೆನ್ನು ಬಾಗದ, ಮಾತು ಕಡಿಮೆಯ ಹೆಂಗಸು. ನನ್ನೆದುರಿಗೇ ಮಗನಿಗೆ ಕರಾರು ಹಾಕಿದರು.

"ಸಾಕೂದಾದ್ರ ಸಾಕು. ಕೊಲ್ಲಾಂಗಿಲ್ಲ, ಮಾರಾಂಗಿಲ್ಲ. ನಮ್ಮ ಕೈಯಾಗ ಒಂದ ಜೀವ ಹೋತಂದ್ರ ಅವತ್ತ ನಾ ಉಪಾಸ."

"ಅವ್ವಾ, ನಿನಗ ಶುಗರ್ ಐತಿ. ಹಸಕೊಂಡ ಇರಬಾರದಂತ ಡಾಕ್ಟರ್ ಹೇಳ್ಯಾರ."

"ಹಂಗಾದ್ರ ಸಾಯದಂಗ ನೋಡ್ಕೊ," ಎಂದು ನನ್ನ ಕಡೆ ತಿರುಗಿದರು. "ಏನ ತಮ್ಮಾ, ನಿನ್ನ ಬ್ಯಾಟರಿ ನಿಲ್ಲೂದಿಲ್ಲಲಾ?"

ನಿಲ್ಲುವುದಿಲ್ಲ ಎಂದು ನಾನು ಹೇಳಿದೆ. ಅಂಥ ಪ್ರಶ್ನೆಗೆ ಬೇರೆ ಯಾವ ಉತ್ತರವನ್ನೂ ನಮ್ಮ ವೃತ್ತಿಯಲ್ಲಿ ಕಲಿಸಿಕೊಡುವುದಿಲ್ಲ.

ಹಾಗೆಂದು ಹೊಣೆಗೇಡಿತನದ ಮಾತೂ ಅದಾಗಿರಲಿಲ್ಲ. ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತಿದ್ದುದರಿಂದ ತರಕಾರಿಯ ಮಡಿಗಳನ್ನು ಹಿತ್ತಲ ಕೋಣೆಯ ತಗ್ಗಿನ ತಾರಸಿಯ ಮೇಲೆ ಇಟ್ಟಿದ್ದೆವು: ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಬ್ಯಾರೆಲ್ಲುಗಳು, ತುಂಬ ಜಲ್ಲಿ. ತೊಟ್ಟಿಯಲ್ಲಿ ನೈಲಾನ್ ಹಗ್ಗಕ್ಕೆ ಇಳಿಬಿಟ್ಟ ಮುಳುಗು ಪಂಪು ನೀರನ್ನು ಮೇಲೇರಿಸುತ್ತದೆ. ಪಕ್ಕದಲ್ಲಿ ಗುಳ್ಳೆ ಬಿಡುವ ಗಾಳಿಯಂತ್ರ. ಎರಡೂ ಸೇರಿ ನೂರಿಪ್ಪತ್ತು ವ್ಯಾಟು. ಹಗಲು ಸೋಲಾರ್, ರಾತ್ರಿ ಕರೆಂಟು, ಅದು ಹೋದರೆ ಜೋಡಿ ಟ್ಯೂಬುಲರ್ ಬ್ಯಾಟರಿ. ಇಡೀ ರಾತ್ರಿ ಓಡಿಸಿದರೂ ಬೆಳಿಗ್ಗೆ ಅರ್ಧದಷ್ಟು ಉಳಿಯಬೇಕು, ಹಾಗೆ ಲೆಕ್ಕ ಹಾಕಿದ್ದೆ.

ಅದರ ಮೇಲೊಂದು ಕಾವಲು. ಏರುವ ಪೈಪಿನೊಳಗೆ ಸಣ್ಣದೊಂದು ನಾಲಿಗೆಯಂಥ ಸ್ವಿಚ್ಚು. ನೀರಿನ ಹರಿವು ಕುಗ್ಗಿದರೆ ನಾಲಿಗೆ ಕೆಳಗಿಳಿದು, ಕಾಯ್ದಿರಿಸಿದ ಎರಡನೆಯ ಪಂಪೂ ಎರಡನೆಯ ಗಾಳಿಯಂತ್ರವೂ ತಾವೇ ಶುರುವಾಗುತ್ತವೆ. ಹರಿವು ಸರಿಹೋದರೆ ತಾವೇ ನಿಲ್ಲುತ್ತವೆ. ಮೊದಲ ಪಂಪು ಕೆಟ್ಟರೂ ಮೀನು ಬದುಕಬೇಕೆಂದು ನಾನೇ ಯೋಚಿಸಿ ಮಾಡಿದ ವ್ಯವಸ್ಥೆ. ಅದನ್ನು ಯಜಮಾನರಿಗೆ ತೋರಿಸುವಾಗ ನನ್ನ ದನಿಯಲ್ಲಿ ರಾಜಗಾಂಭೀರ್ಯ ಇದ್ದಿರಬೇಕು.

ಬಿಸಿಲಿರುವವರೆಗೆ ಎಲ್ಲ ನೆಟ್ಟಗೆ ನಡೆಯಿತು. ಮಳೆ ಹಿಡಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಸಂಜೆ ಹೋದ ಕರೆಂಟು ಬೆಳಿಗ್ಗೆ ಬಂದರೆ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಅಂಥ ಮೊದಲ ರಾತ್ರಿ ಕಳೆದ ಬೆಳಿಗ್ಗೆ ಯಜಮಾನರ ಫೋನು ಬಂತು.

"ಕಾಕಾ, ಬ್ಯಾಟರಿ ಸತ್ತೈತ್ರಿ. ಮೀನ ಸತ್ತಾವ. ಅವ್ವ ದೇವರ ಕೋಣ್ಯಾಗ ಕುಂತಾಳ. ನೀರೂ ಮುಟ್ಟವಲ್ಲಳು."

ಹೋದೆ. ಆ ಎರಡು ಮೀನುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತದ್ದು ಆಗಲೇ. ಪಂಪಿಗೆ ಬೇರೆ ಕರೆಂಟು ಕೊಟ್ಟು ನೋಡಿದೆ: ಸೊಗಸಾಗಿ ಓಡಿತು. ವೈರಿನ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಿಡಿದೆ: ನೂರಿಪ್ಪತ್ತು ವ್ಯಾಟು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆಕಾಶ ನೋಡಿದೆ: ಎಮ್ಮೆಯ ಮೈಯಂಥ ಮೋಡ. ಅಪರಾಧಿ ಸಿಕ್ಕಿತೆಂದುಕೊಂಡೆ. ಬ್ಯಾಟರಿ ಹಗಲು ಪೂರ್ತಿ ತುಂಬಿಲ್ಲ, ಅಷ್ಟೇ. ಇನ್ನೊಂದು ಫಲಕ ಹಾಕಿದರೆ ತೀರಿತು.

ಫಲಕ ಹಾಕಿದೆ. ಹಾಕಿದ ದಿನ ಸಂಜೆ ಬ್ಯಾಟರಿ ತುಂಬಿ ತುಳುಕುತ್ತಿತ್ತು. ನಾನೇ ನೋಡಿ ಬಂದೆ. ಮತ್ತೊಂದು ಮಳೆ, ಮತ್ತೊಂದು ಕತ್ತಲ ರಾತ್ರಿ, ಬೆಳಿಗ್ಗೆ ಇನ್ವರ್ಟರ್ ಕೆಂಪು ದೀಪ ತೋರಿಸಿ ಮಲಗಿತ್ತು. ಇನ್ನೊಂದು ಮೀನು ಹೋಯಿತು. ಆಯಿ ಇನ್ನೊಂದು ದಿನ ಊಟ ಬಿಟ್ಟರು. ಈ ಸಲ ಮಧ್ಯಾಹ್ನಕ್ಕೆ ಅವರಿಗೆ ತಲೆ ಸುತ್ತು ಬಂದು, ಸೊಸೆ ಗಾಬರಿಯಾಗಿ ನಿಪ್ಪಾಣಿಯ ಡಾಕ್ಟರಿಗೆ ಫೋನು ಮಾಡಿದ್ದಳು. ಬ್ಯಾಟರಿ ಮಲಗಿದರೆ ಮೀನು ಮಲಗುತ್ತದೆ, ಮೀನು ಮಲಗಿದರೆ ಮನೆಯ ಹಿರಿಯ ಜೀವ ಹಾಸಿಗೆ ಹಿಡಿಯುತ್ತದೆ: ಇಂಥ ಸರಣಿ ಜೋಡಣೆಯನ್ನು ನಾನು ಯಾವ ವೈರಿಂಗ್ ನಕ್ಷೆಯಲ್ಲಿಯೂ ಕಂಡಿರಲಿಲ್ಲ.

ಈಗ ಸಂಶಯ ಬ್ಯಾಟರಿಯ ಮೇಲೆ. ಆಮ್ಲದ ಗಾಢತೆ ನೋಡುವ ಗಾಜಿನ ನಳಿಕೆ ಇಳಿಸಿ ಪ್ರತಿ ಕೋಶವನ್ನೂ ಪರೀಕ್ಷಿಸಿದೆ. ಎಲ್ಲವೂ ಸಮ. ನನ್ನ ಕಣ್ಣನ್ನೇ ನಂಬದೆ ಎರಡನ್ನೂ ಜೀಪಿಗೆ ಹಾಕಿಕೊಂಡು ನಿಪ್ಪಾಣಿಯ ವ್ಯಾಪಾರಿಯ ಬಳಿ ಒಯ್ದೆ. ಅವನು ದೊಡ್ಡ ಭಾರ ಹಚ್ಚಿ, ಚಹಾ ಕುಡಿದು, ಮುಳ್ಳು ನೋಡಿ, ತಲೆ ಅಲ್ಲಾಡಿಸಿದ.

"ಕಾಯ್ ಪ್ರಾಬ್ಲೆಮ್ ನಾಹೀ ಮಾಮಾ. ಬ್ಯಾಟರಿ ಏಕದಮ್ ಪೈಲವಾನ ಐತಿ. ನೀವs ಏನರ ತಪ್ಪ ಜೋಡಿಸೀರಿ ನೋಡ್ರಿ."

ವಾಪಸ್ ತಂದು ಜೋಡಿಸಿದೆ. ಇನ್ವರ್ಟರ್ ಬಿಚ್ಚಿದೆ, ಬದಲಿಗೆ ನನ್ನ ಮನೆಯದನ್ನೇ ತಂದು ಕೂರಿಸಿದೆ. ವೈರುಗಳನ್ನೆಲ್ಲ ಎಳೆದು ನೋಡಿದೆ. ಎಲ್ಲಾದರೂ ಇಲಿ ಕಚ್ಚಿ ನೆಲಕ್ಕೆ ಕರೆಂಟು ಸೋರುತ್ತಿದೆಯೇ ಎಂದು ಮಳೆಯಲ್ಲಿ ಗೋಡೆಗುಂಟ ತೆವಳಿದೆ. ಯಾರೋ ಕದ್ದು ಹೀಟರು ಹಚ್ಚುತ್ತಿರಬಹುದೇ ಎಂದು ಸೊಸೆಯನ್ನು ಕೇಳಿ, ಆಕೆಯ ಮುಖ ನೋಡಿ, ಕೇಳಬಾರದಿತ್ತು ಎಂದುಕೊಂಡೆ. ಹಗಲು ನಾನು ಎಷ್ಟು ಸಲ ಅಳೆದರೂ ನೂರಿಪ್ಪತ್ತೇ ವ್ಯಾಟು. ರಾತ್ರಿ ಮಾತ್ರ ಯಾವುದೋ ಭೂತ ಬಂದು ಬ್ಯಾಟರಿಯನ್ನು ಹೀರುತ್ತಿತ್ತು.

ಮತ್ತೊಂದು ಮೀನು. ಮತ್ತೊಂದು ಉಪವಾಸ.

"ಕಾಕಾ," ಎಂದರು ಯಜಮಾನರು, ಬಹಳ ಸಮಾಧಾನದಿಂದ, "ಸಿಟ್ಟಾಗಬ್ಯಾಡ್ರಿ. ನಿಮ್ಮ ಬ್ಯಾಟರಿ ನಮ್ಮವ್ವನ್ನ ಉಪಾಸ ಹಾಕಾಕತ್ತೈತಿ. ಇನ್ನೊಮ್ಮಿ ಹಿಂಗಾದ್ರ ಎಲ್ಲಾ ಕೆರಿಗೆ ಬಿಟ್ಟ ಬಿಡ್ತೇನಿ. ಊರ ಮಂದಿ ನಗ್ಲಿ. ಅವ್ವ ಉಳೀಬೇಕಲಾ?"

ಬೈದಿದ್ದರೆ ಚೆನ್ನಾಗಿತ್ತು. ಬೈಗಳಿಗೆ ಉತ್ತರ ಕೊಡಲು ನಮಗೆ ರೂಢಿ ಇದೆ.

ನಾನು ಅಲ್ಲಿ ಒಂದು ರಾತ್ರಿ ನಿಂತು ಯಾಕೆ ನೋಡಲಿಲ್ಲ ಎಂದು ಓದುವವರು ಕೇಳಬಹುದು. ಕಾರಣ ಆ ಮನೆಯ ಆತಿಥ್ಯ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಉಣ್ಣುವುದಿಲ್ಲ. ಆದ್ದರಿಂದ ಸೂರ್ಯ ಇಳಿಯತೊಡಗಿದ ಕೂಡಲೇ, ನಾನು ತಾರಸಿಯ ಮೇಲಿರಲಿ ತೊಟ್ಟಿಯೊಳಗಿರಲಿ, ಆಯಿಯ ದನಿ ಕೇಳುತ್ತಿತ್ತು: "ಬಾ ತಮ್ಮಾ, ಹೊತ್ತ ಮುಳುಗೂದ್ರೊಳಗ ಎರಡ ರೊಟ್ಟಿ ಉಂಡು ಹೋಗು." ಉಂಡ ಮೇಲೆ ಬೆಳಕಿರುವಾಗಲೇ ಚಿಕ್ಕೋಡಿಯ ದಾರಿ ಹಿಡಿಯುವುದು. ಅವರು ಉಪವಾಸವಿದ್ದ ದಿನವೂ ನನಗೆ ಬಡಿಸದೆ ಬಿಟ್ಟವರಲ್ಲ.

ಕೊನೆಗೆ ನನ್ನನ್ನು ಅಲ್ಲಿ ನಿಲ್ಲಿಸಿದ್ದು ನದಿ. ದಾರಿಯ ತಗ್ಗು ಸೇತುವೆಯ ಮೇಲೆ ನೀರು ಬಂತೆಂದು ಮಧ್ಯಾಹ್ನವೇ ಸುದ್ದಿಯಾಯಿತು. ಮಳೆಗಾಲದಲ್ಲಿ ಅದು ಪ್ರತಿವರ್ಷದ ಮಾತು. ಇರಲಿ ಎಂದು ಊಟ ಮುಗಿಸಿ, ಕ್ಲಾಂಪ್ ಮೀಟರನ್ನು ವೈರಿಗೆ ಕಚ್ಚಿಸಿ, ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕುಳಿತೆ. ಪಶ್ಚಿಮಕ್ಕೆ ಇನ್ನೂ ಕೆಂಪು ಇತ್ತು. ಕರೆಂಟು ಆಗಲೇ ಹೋಗಿತ್ತು. ಮೀಟರ್ ನೂರಿಪ್ಪತ್ತು ವ್ಯಾಟಿಗೆ ಸರಿಯಾದ ಅಂಕಿ ತೋರಿಸುತ್ತಿತ್ತು.

ಆಯಿ ಬಂದರು. ಕೈಯಲ್ಲಿ ಒಗೆದು ಮಡಚಿದ ಬಿಳಿಯ ಅರಿವೆ. ನನ್ನನ್ನು ನೋಡಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಗೋಡೆಯ ಗುಂಡಿ ಒತ್ತಿ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ಹಗ್ಗ ಹಿಡಿದು ಪಂಪನ್ನು ಮೇಲೆಳೆದರು. ಬಾವಿಯಿಂದ ಆಯುಷ್ಯವೆಲ್ಲ ನೀರು ಸೇದಿದ ಕೈಗಳಿಗೆ ಅದೇನು ಭಾರ. ಪಂಪು ನೀರು ಹೀರುವ ಬಾಯಿಗೆ ಅರಿವೆಯನ್ನು ಎರಡು ಪದರ ಮಾಡಿ ಸುತ್ತಿ, ನೂಲಿನಿಂದ ಬಿಗಿದು, ಮೆಲ್ಲಗೆ ಕೆಳಗಿಳಿಸಿ, ಗುಂಡಿ ಒತ್ತಿದರು. ಪಂಪು ಮತ್ತೆ ಗುಂಯ್ ಎಂದಿತು. ಕೈಮುಗಿದು ಹೊರಟರು.

ಮೇಲೆ ತಾರಸಿಯಲ್ಲಿ ಬೀಳುವ ನೀರಿನ ಸದ್ದು ಸಣ್ಣದಾಗುತ್ತ, ಸಣ್ಣದಾಗುತ್ತ ಬಂತು. ಮೀನಿನ ಹೊಲಸು ಅರಿವೆಗೆ ಅಂಟಿಕೊಳ್ಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಟಕ್ ಎಂದು ಸದ್ದಾಯಿತು. ಅದು ನನ್ನ ಕಾವಲು ಸ್ವಿಚ್ಚು. ಹರಿವು ಕುಗ್ಗಿದ್ದನ್ನು ಕಂಡು ಅದು ತನ್ನ ಕರ್ತವ್ಯವನ್ನು ಅಚ್ಚುಕಟ್ಟಾಗಿ ನಿರ್ವಹಿಸಿತು: ಎರಡನೆಯ ಪಂಪು, ಎರಡನೆಯ ಗಾಳಿಯಂತ್ರ, ಎರಡೂ ಶುರು. ಮೀಟರಿನ ಅಂಕಿ ಇಮ್ಮಡಿಯಾಯಿತು. ಬೆಳಗಿನವರೆಗೆ ಅದು ಹಾಗೆಯೇ ಇರುತ್ತದೆ. ಜಾವದಲ್ಲಿ ಬ್ಯಾಟರಿ ಮುಗಿಯುತ್ತದೆ. ಮುಗಿದಾಗ ನಾಲ್ಕೂ ಯಂತ್ರಗಳು ಒಟ್ಟಿಗೆ ನಿಲ್ಲುತ್ತವೆ. ಮೀನನ್ನು ಉಳಿಸಲೆಂದು ನಾನಿಟ್ಟ ಕಾವಲುಗಾರನೇ ಮೀನನ್ನು ಕೊಲ್ಲುತ್ತಿದ್ದ, ಅದೂ ಶಿಸ್ತಿನಿಂದ.

ಆಯಿಯನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಆಯಿ, ಇದನ್ನ ದಿನಾ ಕಟ್ತೀರೇನ್ರಿ?"

"ದಿನಾ ಸಂಜೀಕ. ಮುಂಜಾನೆ ಪೂಜಾದ ಮೊದಲ ಬಿಚ್ಚಿ, ತೊಟ್ಟಿ ನೀರಾಗ ಹೊಳ್ಳಿಸಿ ಜಾಲಸ್ತೇನಿ."

"ಯಾರ ಹೇಳಿದ್ರು ಹಿಂಗ ಮಾಡಂತ?"

"ಹೇಳೂದೇನ?" ಆಯಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ನೀರ ಸೋಸಲಾರದ ಯಾರರ ತಗೋತಾರೇನ? ಆ ಪಂಪಿನಾಗ ರೆಕ್ಕಿ ತಿರಗತಾವಂತ ನೀನs ಹೇಳಿದ್ದಿ. ಸಣ್ಣ ಸಣ್ಣ ಜೀವ ಅದರಾಗ ಸಿಕ್ಕು ಅರದ ಹೊಕ್ಕಾವ. ಹಗಲ ಕಾಣತೈತಿ, ನಾ ಕುಂತು ನೋಡ್ತೇನಿ. ರಾತ್ರಿ ಯಾರ ನೋಡ್ಬೇಕು?"

ಅವರ ಮನೆಯಲ್ಲಿ ಕುಡಿಯುವ ನೀರನ್ನು ಎರಡು ಪದರದ ಅರಿವೆಯಲ್ಲಿ ಸೋಸುತ್ತಾರೆ. ಅರಿವೆಯ ಮೇಲೆ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು, ಅರಿವೆ ಮಗುಚಿ, ನೀರು ಬಂದ ಬಾವಿಗೇ ಮರಳಿ ಬಿಡುತ್ತಾರೆ. ತಲೆಮಾರುಗಳಿಂದ ಮಾಡುತ್ತ ಬಂದದ್ದನ್ನು ಆಯಿ ಎಂಬತ್ತು ವ್ಯಾಟಿನ ಪಂಪಿಗೂ ಮಾಡಿದ್ದರು. ಯಾರಿಗೂ ಹೇಳಲಿಲ್ಲ, ಏಕೆಂದರೆ ಹಲ್ಲುಜ್ಜಿದೆ ಎಂದು ಯಾರೂ ಯಾರಿಗೂ ಹೇಳುವುದಿಲ್ಲ.

ಯಜಮಾನರನ್ನು ವಖಾರಿಯೊಳಗೆ ಕರೆದೊಯ್ದು ವಿಷಯ ಬಿಡಿಸಿ ಹೇಳಿದೆ. ಅವರು ಖಾಲಿ ಗೋಣಿಗಳ ಮೇಲೆ ಕುಸಿದು ಕುಳಿತರು.

"ರಾತ್ರಿ ಎರಡೂ ಪಂಪ ಓಡೂದು ನಿಮಗ ಕೇಳ್ತಿರಲಿಲ್ಲೇನ್ರಿ?"

"ಕೇಳ್ತಿತ್ರಿ ಕಾಕಾ. ರಾತ್ರಿ ಎರಡೂ ಓಡೂವಂಗ ನೀವs ಇಟ್ಟೀರಿ ಅಂತ ತಿಳಕೊಂಡಿದ್ದೆ. ಮಸ್ತ್ ಬಂದೋಬಸ್ತ್ ಮಾಡ್ಯಾರ ಅಂತ ಮಂದಿ ಮುಂದ ಹೇಳಿದ್ದೆ."

ಬಾಗಿಲ ಕಡೆ ನೋಡಿ ಅವರು ದನಿ ತಗ್ಗಿಸಿದರು. "ಅವ್ವಗ ಹೇಳಬ್ಯಾಡ್ರಿ. ಜೀವ ಉಳಸಾಕ ಹೋಗಿ ತಾನs ಮೀನ ಕೊಂದೆ ಅಂತ ತಿಳಿದ್ರ ಈ ಚಾತುರ್ಮಾಸ ಪೂರಾ ಉಪಾಸ ಹಿಡೀತಾಳ. ನೀವು ಇನ್ನೊಂದ ಜೋಡಿ ಬ್ಯಾಟರಿ ಹಚ್ಚಿ ಬಿಡ್ರಿ. ಅರಿವಿ ಇರ್ಲಿ, ಎರಡೂ ಪಂಪ ಓಡ್ಲಿ."

ಸುಲಭದ ದಾರಿ ಅದೇ. ಒಂದು ಗಳಿಗೆ ನನಗೂ ಆಸೆಯಾಯಿತು. ಆದರೆ ಅರಿವೆ ಪೂರ್ತಿ ಕಟ್ಟಿಕೊಂಡರೆ ಮೊದಲ ಪಂಪು ನೀರಿಲ್ಲದೆ ಓಡಿ ಸುಟ್ಟುಹೋಗುತ್ತದೆ; ಎರಡನೆಯದರ ಬಾಯಿಗೆ ಅರಿವೆಯೇ ಇಲ್ಲ ಎಂದು ಆಯಿಗೆ ಇಂದಲ್ಲ ನಾಳೆ ಹೊಳೆಯುತ್ತದೆ; ಅದಕ್ಕೂ ಅರಿವೆ ಬರುತ್ತದೆ. ಎಷ್ಟು ಬ್ಯಾಟರಿ ಹಚ್ಚಿದರೂ ಸಾಲದು. ಆ ರಾತ್ರಿಯ ಮಟ್ಟಿಗೆ ಒಂದು ದೊಡ್ಡ ಬಿದಿರಿನ ಬುಟ್ಟಿಗೆ ಅರಿವೆ ಸುತ್ತಿ, ಅದರೊಳಗೆ ಪಂಪು ಇಳಿಸಿದೆ. "ಇದು ಇನ್ನೂ ಛಲೋ ಸೋಸತೈತ್ರಿ ಆಯಿ" ಎಂದೆ. ಅರಿವೆಯ ಹರವು ಹೆಚ್ಚಿದ್ದರಿಂದ ಹರಿವು ಬೆಳಗಿನವರೆಗೆ ತಡೆಯಿತು. ಆದರೆ ಒಂದೆರಡು ದಿನಕ್ಕೇ ಬುಟ್ಟಿಯ ಅರಿವೆಗೂ ಹೊಲಸು ಕಟ್ಟಿಕೊಂಡು, ದಿನವೂ ಒಗೆದು ಹಾಕುವ ಕೆಲಸವಾಯಿತು.

ಜಗಳ ಇದ್ದದ್ದು ಅರಿವೆಯದಲ್ಲ, ರೆಕ್ಕೆಯದು. ರೆಕ್ಕೆಯೇ ಇಲ್ಲದಿದ್ದರೆ ಅರಿವೆ ಯಾಕೆ? ಹರೆಯದಲ್ಲಿ ನಾನು ಅಥಣಿ ಕಡೆಯ ಬೋರ್‌ವೆಲ್‌ಗಳಿಗೆ ಕಂಪ್ರೆಸರ್ ಜೋಡಿಸುವ ಕೆಲಸ ಮಾಡಿದ್ದೆ. ಅಲ್ಲಿ ನೀರೊಳಗೆ ಪಂಪೇ ಇರುವುದಿಲ್ಲ. ಪೈಪಿನ ಬುಡಕ್ಕೆ ಗಾಳಿ ಊದಿದರೆ ಗುಳ್ಳೆ ಬೆರೆತ ನೀರು ಹಗುರಾಗಿ ತಾನೇ ಮೇಲೇರುತ್ತದೆ. ಯಂತ್ರ ದಡದ ಮೇಲೆ, ನೀರಿನಲ್ಲಿ ಬರೀ ಪೈಪು. ಮೀನಿಗೆ ಬೇಕಾದ ಗಾಳಿಯೂ ಅದರಲ್ಲೇ ಆಯಿತು. ನಾಲ್ಕು ಯಂತ್ರದ ಬದಲು ಒಂದು, ಅದರ ಹಿಂದೆ ಕಾಯ್ದಿರಿಸಿದ್ದು ಇನ್ನೊಂದು. ಅದು ಬ್ಯಾಟರಿಯಿಂದ ನೇರ ಓಡುವಂಥದ್ದಾದರೆ ಇನ್ವರ್ಟರೂ ಬೇಡ. ನಾನು ಜೋಡಿಸಿದ್ದರಲ್ಲಿ ಮುಕ್ಕಾಲು ಪಾಲು ಕಿತ್ತು ಹಾಕುವುದೇ ಪರಿಹಾರ ಎಂಬ ತೀರ್ಮಾನಕ್ಕೆ ಬಂದೆ. ಇಂಥ ತೀರ್ಮಾನವನ್ನು ಮನುಷ್ಯ ಸಂತೋಷದಿಂದ ಮಾಡುವುದಿಲ್ಲ.

ಇಲ್ಲಿಯೂ ಒಂದು ಷರತ್ತಿತ್ತು. ಬೋರ್‌ವೆಲ್ಲಿನ ಆಳವಿಲ್ಲದ ತೊಟ್ಟಿಯಲ್ಲಿ ಗಾಳಿಯಿಂದ ಏರುವ ನೀರು ತಾರಸಿಯವರೆಗೆ ಏರದು; ತೊಟ್ಟಿಯ ನೀರಿನ ಮಟ್ಟಕ್ಕಿಂತ ಒಂದೆರಡು ಗೇಣು, ಅಷ್ಟೇ. ಮಡಿಗಳು ಕೆಳಗಿಳಿದು ತೊಟ್ಟಿಯ ಅಂಚಿಗೆ ಬರಬೇಕು.

"ಟ್ರ್ಯಾಕ್ಟರ್ ಎಲ್ಲಿ ನಿಲ್ಲಸ್ಲಿ ಕಾಕಾ? ನಿಮ್ಮ ತಲಿ ಮ್ಯಾಲೇನ?"

"ವಖಾರ್‍ಯಾಗ ನಿಲ್ಲಸ್ರಿ. ತಂಬಾಕ ಏನ ತಿರುಗಿ ಬರೂದಿಲ್ಲ."

ಮಡಿಗಳಿಗೆ ಆಧಾರವಾಗಿ ಕಂಬ ನೆಡಲು ಕುಳಿ ತೋಡುತ್ತೇನೆಂದೆ. ಆಯಿ ಒಳಗಿನಿಂದಲೇ ತಡೆದರು: ಚಾತುರ್ಮಾಸದಲ್ಲಿ ನೆಲ ಅಗೆಯುವಂತಿಲ್ಲ, ಮಳೆಗೆ ಮಣ್ಣಿನಲ್ಲಿ ಜೀವ ತುಂಬಿರುತ್ತದೆ. ಇಟ್ಟಿಗೆ ಪೇರಿಸಿ ಅದರ ಮೇಲೆ ಕೂರಿಸೋಣವೆಂದಾಯಿತು. ತಾರಸಿಯಿಂದ ಜಲ್ಲಿ ಇಳಿಸತೊಡಗಿದೆವು. ಜಲ್ಲಿಯಲ್ಲಿ ಇರುವೆ ಗೂಡು ಕಟ್ಟಿದ್ದವು. ಆಯಿ ಮೆಟ್ಟಿಲ ಬುಡದಲ್ಲಿ ಮಣೆ ಹಾಕಿ ಕುಳಿತು, ಪ್ರತಿ ಬುಟ್ಟಿಯನ್ನೂ ಹರಡಿಸಿ, ಇರುವೆ ತಾವಾಗಿ ಸರಿದುಹೋಗುವವರೆಗೆ ಕಾಯಿಸಿದರು. ಕೂಲಿಗೆ ಬಂದಿದ್ದ ಹೆಣ್ಣುಮಗಳು ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಕೈಕೊಟ್ಟಳು.

"ಏನ್ ಆಯಿ, ಇರುವಿಗಿ ಚಾ ಮಾಡಿ ಕೊಡ್ಲೇನ?"

"ನಿನಗ ಮಾಡ್ತೇನಿ ಬಾ, ಬಾಯಿ ಮುಚ್ಚಿಕೊಂಡ ಕುಡಿ," ಎಂದರು ಆಯಿ.

ಮಡಿಗಳಲ್ಲಿ ಪಾಲಕ್, ಮೆಂತ್ಯೆ ತೊಡೆಯೆತ್ತರ ಬೆಳೆದು ನಿಂತಿದ್ದವು. ಚಾತುರ್ಮಾಸದಲ್ಲಿ ಆ ಮನೆಯಲ್ಲಿ ಸೊಪ್ಪು ತಿನ್ನುವುದಿಲ್ಲ. ಇಷ್ಟು ಸೋಲಾರು, ಇಷ್ಟು ಬ್ಯಾಟರಿ, ಇಷ್ಟು ಉಪವಾಸ ಸೇರಿ ಬೆಳೆದ ಸೊಪ್ಪನ್ನು ಅದೇ ಹೆಣ್ಣುಮಗಳು ಉಡಿ ತುಂಬ ಕಟ್ಟಿಕೊಂಡು ಹೋದಳು.

ಮೊದಲ ಪ್ರಯೋಗ ಕೆಟ್ಟಿತು. ದಪ್ಪ ಪೈಪು ಹಾಕಿದರೆ ನೀರು ಹೆಚ್ಚು ಬರುತ್ತದೆ ಎಂದು ನಂಬಿದ್ದೆ. ಗಾಳಿ ಬಿಟ್ಟಾಗ ನೀರು ಪೈಪಿನೊಳಗೆ ಒಂದಿಷ್ಟು ಏರಿ, ದೊಡ್ಡದಾಗಿ ತೇಗಿ, ಕೆಳಗಿಳಿಯಿತು. ಮತ್ತೆ ಏರಿತು, ತೇಗಿತು, ಇಳಿಯಿತು. ಬೀಗರ ಮನೆಯಲ್ಲಿ ಉಂಡೆದ್ದವರ ಹಾಗೆ. ಯಜಮಾನರು ಟ್ರ್ಯಾಕ್ಟರನ್ನೂ, ನನ್ನನ್ನೂ ಸರದಿಯಂತೆ ನೋಡಿದರು. ಗಾಳಿ ನೀರನ್ನು ಎತ್ತುವ ಬದಲು ಅದರ ನಡುವೆ ನುಸುಳಿ ಹೋಗುತ್ತಿತ್ತು. ಪೈಪು ಸಣ್ಣದು ಮಾಡಿದೆ. ಗಾಳಿಯ ನಳಿಕೆಯನ್ನು ತೊಟ್ಟಿಯ ತಳದವರೆಗೆ ಇಳಿಸಿ, ಅದರ ತುದಿಗೆ ಸಣ್ಣ ತೂತುಗಳ ಬಳೆ ಹಾಕಿದೆ. ಮತ್ತೆ ಗಾಳಿ ಬಿಟ್ಟೆ. ನೀರು ಏರಿ, ಒಂದು ಸಲ ತಡವರಿಸಿ, ಮಡಿಯ ಅಂಚು ದಾಟಿ ಗಳಗಳ ಎಂದು ಜಲ್ಲಿಯ ಮೇಲೆ ಬಿತ್ತು. ಮಡಿ ತುಂಬಿ, ಕೆಳಗಿನ ಕೊಳವೆಯಿಂದ ಸೋಸಿದ ನೀರು ತೊಟ್ಟಿಗೆ ಮರಳಿತು. ಮೀಟರ್ ನೋಡಿದೆ. ಮೊದಲಿನ ಅರ್ಧವೂ ಇರಲಿಲ್ಲ.

ನಾನು ಗೆದ್ದವನಂತೆ ಆಯಿಯ ಕಡೆ ನೋಡಿದೆ. ಅವರು ಅರಿವೆ ಹಿಡಿದೇ ನಿಂತಿದ್ದರು.

"ಇದರಾಗ ಜೀವ ಅರದ ಹೋಗೂದಿಲ್ಲಂತ ಹೆಂಗ ನಂಬೂದು?"

ರೆಕ್ಕೆ ಇಲ್ಲವೆಂದೆ. ಬರೀ ಗುಳ್ಳೆ ಎಂದೆ. ಅವರು ಕದಲಲಿಲ್ಲ. ಕೊನೆಗೆ ಒಳಗಿನಿಂದ ಒಂದು ಹಿಡಿ ಚುರುಮುರಿ ತರಿಸಿ ನೀರಲ್ಲಿ ನೆನೆಸಿದೆ. ನೆನೆದ ಚುರುಮುರಿಗಿಂತ ಮೆತ್ತನೆಯ ಪದಾರ್ಥ ಆ ಮನೆಯಲ್ಲಿ ನನಗೆ ತೋಚಲಿಲ್ಲ. ಮೊದಲು ಒಂದು ಬಕೆಟ್ಟಿನಲ್ಲಿ ಹಳೆಯ ಪಂಪು ಇಟ್ಟು ಅದರ ಬಾಯಿಗೆ ಅರ್ಧ ಹಾಕಿದೆ. ಆಚೆ ಬಂದದ್ದು ಗಂಜಿ. ಆಯಿ ಕಣ್ಣು ಮುಚ್ಚಿದರು. ಉಳಿದದ್ದನ್ನು ಹೊಸ ಪೈಪಿನ ಬುಡದಲ್ಲಿ ತುಂಬಿ ಇಳಿಸಿ ಗಾಳಿ ಬಿಟ್ಟೆ. ಚುರುಮುರಿ ಒಂದೊಂದಾಗಿ, ಇಡಿಯಾಗಿ, ನೀರಿನ ಜೊತೆ ಬಂದು ಮಡಿಯ ಜಲ್ಲಿಯ ಮೇಲೆ ಬಿದ್ದವು. ಆಯಿ ಒಂದನ್ನು ಎತ್ತಿ ಅಂಗೈ ಮೇಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅರಿವೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

ಎಲ್ಲ ಮುಗಿಯಿತೆಂದು ನಾನು ಚೀಲ ಕಟ್ಟುವಾಗ ಅವರು ಎದುರಿಗೆ ಬಂದು ಕುಳಿತರು.

"ತಮ್ಮಾ, ಬುಟ್ಟಿ ಇಟ್ಟಾಗಿಂದ ಒಂದ ಮೀನೂ ಸತ್ತಿಲ್ಲ. ಅದಕ್ಕಿಂತ ಮೊದಲ ಸಾಯ್ತಿದ್ದು. ಹಂಗಾದ್ರ ನನ್ನ ಅರಿವಿಯಿಂದ ಸತ್ತುವೇನ?"

ಯಜಮಾನರು ಮಗ್ಗುಲಲ್ಲಿ ನಿಂತು ನನಗೆ ಕಣ್ಣಿನಲ್ಲೇ ಕೈಮುಗಿಯುತ್ತಿದ್ದರು. ಹಗ್ಗ ಜಗ್ಗಿ ಪಂಪು ಎತ್ತಿದ ಆ ಕೈಗಳನ್ನು ನೋಡಿ ನನಗೆ ಸುಳ್ಳು ಬರಲಿಲ್ಲ.

"ಅರಿವಿ ಕಟ್ಟಿದ್ದ ಖರೆ ಐತ್ರಿ ಆಯಿ. ಅರಿವಿ ಕಟ್ಟಬೇಕಾಗೂವಂಥಾ ಪಂಪ ತಂದಿಟ್ಟಾಂವ ನಾನು. ಅದು ನಿಂತ್ರ ಬ್ಯಾಟರಿ ಖಾಲಿ ಮಾಡೂವಂಥಾ ಸ್ವಿಚ್ ಹಚ್ಚಿದಾಂವನೂ ನಾನು."

"ಅಂದ್ರ ಅರ್ಧ ನಂದು, ಅರ್ಧ ನಿಂದು."

"ಹೌದ್ರಿ."

ಯಜಮಾನರ ಮುಖ ಬಿಳಿಚಿಕೊಂಡಿತ್ತು.

"ನನ್ನ ಪಾಲಿಂದ ನಾ ಆವಾಗs ಮಾಡಿ ಮುಗಿಸೇನಿ," ಎಂದರು ಆಯಿ. "ಒಂದ ಸಲ ತಲೀನೂ ತಿರುಗಿತು. ನಿನ್ನ ಪಾಲಿಂದ ಯಾವಾಗ ಮಾಡ್ತಿ?"

ಯಜಮಾನರು ನಗು ಮುಚ್ಚಿಕೊಳ್ಳಲು ಗೋಡೆಯ ಕಡೆ ತಿರುಗಿ ನಿಂತರು. ನಾಳೆ ಮಾಡುತ್ತೇನೆಂದು ನಾನು ಒಪ್ಪಿಕೊಂಡೆ. "ಹಂಗಾದ್ರ ಇವತ್ತ ಗಟ್ಟಿ ಉಂಡು ಹೋಗು, ಹೊತ್ತ ಮುಳುಗಾಕತ್ತೈತಿ" ಎಂದು ಅವರು ಎದ್ದು ಒಳಗೆ ಹೋದರು.

ಮರುದಿನ ಚಿಕ್ಕೋಡಿಯಲ್ಲಿ ಉಪವಾಸವಿದ್ದೆ. ಚಹಾ ನಡೆಯುತ್ತದೆಯೇ ಎಂದು ಫೋನು ಮಾಡಿ ಕೇಳುವ ಮನಸ್ಸಾಗಿತ್ತು. ಉತ್ತರ ಗೊತ್ತಿದ್ದುದರಿಂದ ಕೇಳಲಿಲ್ಲ.

ಕರೆಂಟು ಮೊದಲಿನಂತೆಯೇ ಹೋಗುತ್ತಿತ್ತು. ಮಳೆಗಾಲ ಮುಗಿಯುವವರೆಗೆ ತೊಟ್ಟಿಯಲ್ಲಿ ಮತ್ತೊಂದು ಮೀನು ಸಾಯಲಿಲ್ಲ, ಆಯಿ ಆ ಕಾರಣಕ್ಕೆ ಮತ್ತೊಂದು ಊಟ ಬಿಡಲಿಲ್ಲ. ಬ್ಯಾಟರಿ ಬೆಳಿಗ್ಗೆ ಅರ್ಧಕ್ಕಿಂತ ಮೇಲೆಯೇ ಇರುತ್ತದೆ.